ಮಾಜಿ ಸೈನಿಕರಿಗೂ ಒಂದು ಬಟ್ಟಲು ಎಳ್ಳು-ಬೆಲ್ಲ



ನಮ್ಮ ಇತವಾರಿಯಲ್ಲಿ ಸೈನಿಕರ, ಹುತಾತ್ಮರ ನೆನಪು ತರುವ ಹೆಸರುಗಳಿಗೇನೂ ಕೊರತೆಯಿಲ್ಲ. ಸರಾಫಾದ ಕಡೆ ಹೊರಟರೆ ಶಹೀದ್ ಚೌಕ ಸಿಗುತ್ತದೆ. ರೈಲು ನಿಲ್ದಾಣಕ್ಕೆ ಈಗ ನೇತಾಜಿ ಸುಭಾಷ್‌ಚಂದ್ರ ಬೋಸ್ ಇತವಾರಿ ಎಂದು ಹೆಸರು. ಸ್ವಲ್ಪ ದೂರದ ಸೀತಾಬರ್ಡಿ ಕೋಟೆ ಇಂದಿಗೂ ಸೈನ್ಯದ ವಶದಲ್ಲೇ ಇದ್ದು, ಜನವರಿ 26, ಮೇ 1, ಆಗಸ್ಟ್ 15ರಂದು ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ವಾಯುಸೇನಾ ನಗರದಲ್ಲಿ ವಾಯುಪಡೆಯ ನಿರ್ವಹಣಾ ಕಮಾಂಡಿನ ಮುಖ್ಯ ಕಚೇರಿಯಿದೆ. ಕಾಮಠಿಯಂತೂ 1821ರಿಂದ ದಂಡಿನ ಊರು.

ಇಷ್ಟೆಲ್ಲ ಇದ್ದರೂ, "ನಿಮಗೆ ಖುದ್ದಾಗಿ ಗೊತ್ತಿರುವ ಒಬ್ಬ ಮಾಜಿ ಸೈನಿಕರ ಹೆಸರು ಹೇಳಿ" ಎಂದು ನಮ್ಮ ಮಕ್ಕಳನ್ನು ಕೇಳಿದರೆ ಎಷ್ಟು ಮಂದಿ ಥಟ್ಟನೆ ಹೇಳಿಯಾರು? ಸಿನಿಮಾದಲ್ಲಿ ಸೈನಿಕನ ಪಾತ್ರ ಮಾಡಿದ ನಟನ ಹೆಸರು ಕೂಡಲೇ ನಾಲಿಗೆಗೆ ಬರುತ್ತದೆ. ನಮ್ಮದೇ ಓಣಿಯಲ್ಲಿ ಬೆಳಿಗ್ಗೆ ಹಾಲು ತರಲು ಹೋಗುವ, ಬೆನ್ನು ನೆಟ್ಟಗಿಟ್ಟುಕೊಂಡು ನಡೆಯುವ ಆ ಅಜ್ಜ ಯಾವ ರೆಜಿಮೆಂಟಿನಲ್ಲಿದ್ದರು, ಯಾವ ಗಡಿಯಲ್ಲಿ ಎಷ್ಟು ಚಳಿಗಾಲ ಕಳೆದರು ಎಂಬುದು ಮಾತ್ರ ಗೊತ್ತಿರುವುದಿಲ್ಲ.

ಆಗಸ್ಟ್ 15ರಂದು ಧ್ವಜ ಹಾರಿಸುತ್ತೇವೆ, ಹಾಡು ಹೇಳುತ್ತೇವೆ, ಮೊಬೈಲಿನಲ್ಲಿ ತ್ರಿವರ್ಣದ ಚಿತ್ರ ಹಾಕಿಕೊಳ್ಳುತ್ತೇವೆ. ಇದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಕೃತಜ್ಞತೆಯ ಮೊದಲ ಮೆಟ್ಟಿಲು ಗೊತ್ತುಮಾಡಿಕೊಳ್ಳುವುದು. ಯಾರು, ಎಲ್ಲಿ, ಏನು ಮಾಡಿದರು ಎಂದು ತಿಳಿಯದೆ "ಧನ್ಯವಾದ" ಎಂದರೆ ಅದು ವಿಳಾಸ ಬರೆಯದ ಕಾಗದದಂತೆ, ಯಾರಿಗೂ ಮುಟ್ಟುವುದಿಲ್ಲ.

ಕನ್ನಡಿಗರ ಹಳೆಯ ರೂಢಿ

ಇದು ಇಂಗ್ಲಿಷರಿಂದ ಕಲಿತ ಪಾಠವೆಂದು ಯಾರೂ ತಿಳಿಯಬೇಕಾಗಿಲ್ಲ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನದ ಹೆಸರನ್ನು ನೀವು ಕೇಳಿರಬಹುದು. ಸುಮಾರು ಕ್ರಿ.ಶ. 450ರ, ಹದಿನಾರು ಸಾಲಿನ ಈ ಶಾಸನವನ್ನು 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಬೆಳಕಿಗೆ ತಂದರು. ಇದು ಕದಂಬರ ಕಾಲದ್ದು ಎಂದು ಪರೀಕ್ಷೆಗೆ ಓದಿ ಬಿಡುತ್ತೇವೆ. ಅದರಲ್ಲಿ ಏನಿದೆ ಎಂದು ಕೇಳುವವರು ಕಡಿಮೆ.

ಅದರಲ್ಲಿರುವುದು ಯುದ್ಧದಲ್ಲಿ ಶೌರ್ಯ ತೋರಿದ ಒಬ್ಬ ಯೋಧನಿಗೆ ಸಲ್ಲಿಸಿದ ಗೌರವ! ವಿಜ ಅರಸ ಎಂಬ ವೀರನಿಗೆ ಎರಡು ಊರುಗಳನ್ನು "ಬಾಳ್ಗಳ್ಚು" ಎಂದು ದಾನ ಕೊಟ್ಟ ಸಂಗತಿ ಅದು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ಕಾಳಗ ಮುಗಿಸಿ ಬಂದವನ ಕತ್ತಿ ತೊಳೆದು ಕೊಡುವ ಮಾನ್ಯ. ಅಂದರೆ ಕನ್ನಡ ಭಾಷೆ ಕಲ್ಲಿನ ಮೇಲೆ ಅಕ್ಷರವಾಗಿ ಮೂಡಲು ತೊಡಗಿದ ಕಾಲದಲ್ಲೇ, ಯುದ್ಧದಿಂದ ಮರಳಿ ಬಂದವನಿಗೆ ಸಲ್ಲಬೇಕಾದದ್ದನ್ನು ಬರೆದಿಡುವ ಕೆಲಸ ಅದಕ್ಕೆ ಬಂದಿತ್ತು. ಮಡಿದವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ "ನೆತ್ತರುಗೊಡಗೆ" ಎಂಬ ಹೆಸರಿತ್ತು. ಇಂದಿನ ಕುಟುಂಬ ಪಿಂಚಣಿಯನ್ನು ನಮ್ಮ ಹಿರಿಯರು ಹೀಗೆ ಕರೆದರು ಎನ್ನೋಣ.

ಕರ್ನಾಟಕದ ಹಳ್ಳಿಗಳಿಗೆ ರಜೆಯಲ್ಲಿ ಹೋದಾಗ ಕೆರೆ ದಂಡೆಯ ಮೇಲೆ, ಗುಡಿಯ ಪಕ್ಕದಲ್ಲಿ ನಿಂತ ವೀರಗಲ್ಲುಗಳನ್ನು ನೋಡಿರುತ್ತೀರಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಶಿವಸನ್ನಿಧಿಯಲ್ಲಿ ಕುಳಿತಿರುವುದು ಇರುತ್ತದೆ. ಈ ಕಲ್ಲುಗಳು ರಾಜರಿಗೆ ಮಾತ್ರ ಮೀಸಲಲ್ಲ. ದನ ಕಾಯಲು ಹೋರಾಡಿದವನಿಗೂ, ಊರು ಉಳಿಸಲು ನಿಂತವನಿಗೂ ಕಲ್ಲುಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949ರ ಸುಮಾರಿಗೆ ಒಂದು ಬೇಟೆನಾಯಿಗೂ ಕಲ್ಲು ನೆಟ್ಟರು. ಮಣಲೇರ ಎಂಬ ವೀರನ ಶೌರ್ಯಕ್ಕೆ ಮೆಚ್ಚಿ ದೊರೆ "ಏನು ಬೇಕು ಕೇಳು" ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ ಸತ್ತಿತು. ಅದರ ಹೆಸರು ಸಾವಿರ ವರ್ಷ ದಾಟಿ ನಮ್ಮವರೆಗೂ ಬಂದಿದೆ. ನಾಯಿಯ ಹೆಸರನ್ನೂ ಬರೆದಿಟ್ಟ ಜನ ನಾವು. ಪಕ್ಕದ ಮನೆಯ ಹವಾಲ್ದಾರರ ಹೆಸರನ್ನು ತಿಳಿಯದೆ ಇರಬಹುದೇ?

ತಡವಾಗಿ ಬಂದ ಕೃತಜ್ಞತೆ

ಗೊತ್ತುಮಾಡಿಕೊಳ್ಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕಥೆಯೇ ಸಾಕ್ಷಿ. 1965ರ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿದವು. ದೇವಯ್ಯ ಅಂದು ಹಿಂದಿರುಗಲಿಲ್ಲ. ನಮ್ಮ ಕಡೆಯವರಿಗೆ ಗೊತ್ತಾದದ್ದು ಇಷ್ಟೇ. ಅವರು ಹೇಗೆ ಮಡಿದರು, ಮಡಿಯುವ ಮುನ್ನ ಏನು ಮಾಡಿದರು ಎಂದು ಹೇಳಲು ಜೊತೆಯಲ್ಲಿ ಯಾರೂ ಇರಲಿಲ್ಲ.

ಹದಿನಾಲ್ಕು ವರ್ಷಗಳ ನಂತರ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಆ ಯುದ್ಧದಲ್ಲಿ ಪಾಕಿಸ್ತಾನದ ವಾಯುಪಡೆಯ ಪಾತ್ರವನ್ನು ಕುರಿತು ಬರೆದ ಪುಸ್ತಕದಿಂದ ವಿಷಯ ಹೊರಬಿತ್ತು. ಶಬ್ದಕ್ಕಿಂತ ವೇಗವಾಗಿ ಹಾರಬಲ್ಲ ಸ್ಟಾರ್‌ಫೈಟರ್ ಎಂಬ ಹೊಸ ಮಾದರಿಯ ವಿಮಾನವನ್ನು, ಪೆಟ್ಟು ತಿಂದ ಹಳೆಯ ಮಿಸ್ಟೇರ್‌ನಿಂದ ಎದುರಿಸಿ ಉರುಳಿಸಿದ ಭಾರತೀಯ ಚಾಲಕರೊಬ್ಬರಿದ್ದರು! ಅಂದಿನ ದಾಳಿಯ ನಾಯಕತ್ವ ವಹಿಸಿದ್ದ ಓ.ಪಿ. ತನೇಜಾ ಅವರು ಇದನ್ನು ಹಿಡಿದು ಬೆನ್ನುಹತ್ತಿದರು. ಆ ಚಾಲಕರು ದೇವಯ್ಯನವರೇ ಎಂದು ಖಚಿತವಾಯಿತು. 1988ರಲ್ಲಿ, ಅಂದರೆ ಇಪ್ಪತ್ತಮೂರು ವರ್ಷಗಳ ನಂತರ, ಮಹಾವೀರ ಚಕ್ರ ಬಂತು. ಅದನ್ನು ಸ್ವೀಕರಿಸಿದವರು ಅವರ ಪತ್ನಿ. ಎದುರಾಳಿಯ ದೇಶದಲ್ಲಿ ದೊರೆತ ದಾಖಲೆ ಮತ್ತು ಹಳೆಯ ಸಹೋದ್ಯೋಗಿಯ ಹಟ, ಇವೆರಡೂ ಇಲ್ಲದಿದ್ದರೆ ಆ ಸಾಹಸ ಮಣ್ಣಿನಲ್ಲೇ ಉಳಿದುಹೋಗುತ್ತಿತ್ತು.

ನಮ್ಮ ಮಹಾರಾಷ್ಟ್ರದ ಉದಾಹರಣೆಯನ್ನೇ ನೋಡಿ. ಸಾಂಗಲಿ ಜಿಲ್ಲೆಯ ಮುರಳೀಕಾಂತ ಪೇಟಕರ್ ಅವರ ಬದುಕನ್ನು ಆಧರಿಸಿದ "ಚಂದು ಚಾಂಪಿಯನ್" ಚಿತ್ರವನ್ನು 2024ರಲ್ಲಿ ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. 1965ರ ಯುದ್ಧದಲ್ಲಿ ಗುಂಡೇಟು ತಿಂದು ಕಾಲುಗಳ ಸ್ವಾಧೀನ ಕಳೆದುಕೊಂಡ ಈ ಜವಾನ, 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ನಡೆದ ಅಂಗವಿಕಲರ ಒಲಿಂಪಿಕ್ಸ್‌ನಲ್ಲಿ ಈಜಿ ಭಾರತಕ್ಕೆ ಚಿನ್ನ ತಂದರು. ಪದ್ಮಶ್ರೀ ಬಂದದ್ದು 2018ರಲ್ಲಿ. ನಡುವೆ ನಲವತ್ತಾರು ವರ್ಷಗಳು!

ನಮ್ಮ ನಿಲ್ದಾಣದ ಹೆಸರಿನಲ್ಲಿರುವ ನೇತಾಜಿಯವರ ಆಜಾದ್ ಹಿಂದ್ ಫೌಜಿನ ಸೈನಿಕರು ದೆಹಲಿಯ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಮೊದಲ ಬಾರಿಗೆ ಪಾಲ್ಗೊಂಡದ್ದು 2019ರಲ್ಲಿ. ಬಂದವರು ನಾಲ್ವರು, ನಾಲ್ವರೂ ತೊಂಬತ್ತು ದಾಟಿದವರು. ಅವರ ಜೊತೆಗಾರರಲ್ಲಿ ಹೆಚ್ಚಿನವರು ಅದನ್ನು ನೋಡಲು ಉಳಿದಿರಲಿಲ್ಲ.

ಲೆಕ್ಕ ಹಾಕಿ ನೋಡಿ. 1965ರಲ್ಲಿ ಇಪ್ಪತ್ತರ ಹುಡುಗನಾಗಿದ್ದವರು ಇಂದು ಎಂಬತ್ತರ ಮುದುಕರು. 1971ರ ಹುಡುಗರಿಗೆ ಎಪ್ಪತ್ತೈದರ ಹತ್ತಿರ. ಕಾರ್ಗಿಲ್‌ನ 1999ರ ಹುಡುಗರ ತಲೆಯೂ ನರೆಯತೊಡಗಿದೆ. ಕೇಳುವುದಿದ್ದರೆ ಈಗಲೇ ಕೇಳಬೇಕು. ಸತ್ತ ಮೇಲೆ ಹಾರ ಹಾಕುವುದಕ್ಕೆ ಯಾರೂ ಬೇಡವೆನ್ನುವುದಿಲ್ಲ, ಆದರೆ ಹಾರ ಕೇಳಿಸಿಕೊಳ್ಳುವುದಿಲ್ಲವಲ್ಲ!

ಕಾಮಠಿಗೂ ಕೊಡಗಿಗೂ ಇರುವ ನಂಟು

"ನಾವು ಹುಟ್ಟಿ ಬೆಳೆದದ್ದು ನಾಗಪುರದಲ್ಲಿ, ಕರ್ನಾಟಕದ ವೀರರ ಕಥೆ ನಮಗೆ ದೂರ" ಎಂದು ನೀವು ಅನ್ನಬಹುದು. ಹಾಗಿದ್ದರೆ ಇಲ್ಲಿಂದ ಹದಿನೈದು-ಹದಿನಾರು ಕಿಲೋಮೀಟರ್ ದೂರದ ಕಾಮಠಿಯ ಕಡೆ ನೋಡಿ. ಅಲ್ಲಿ ಬ್ರಿಗೇಡ್ ಆಫ್ ದ ಗಾರ್ಡ್ಸ್ ರೆಜಿಮೆಂಟಿನ ಕೇಂದ್ರವಿದೆ. ಈ ರೆಜಿಮೆಂಟನ್ನು 1949ರಲ್ಲಿ ಕಟ್ಟಿದವರು ಕೊಡಗಿನ ಕೆ.ಎಂ. ಕಾರ್ಯಪ್ಪ ಅವರು. ಅದೇ ವರ್ಷದ ಜನವರಿ 15ರಂದು ಅವರು ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾಗಿದ್ದರು. ಬ್ರಿಟಿಷರ ಕಾಲದಲ್ಲಿ ಹೆಚ್ಚಿನ ಪದಾತಿ ರೆಜಿಮೆಂಟುಗಳು ಒಂದೊಂದು ಜಾತಿಗೋ ಪ್ರಾಂತಕ್ಕೋ ಸೇರಿದ್ದವು. ಗಾರ್ಡ್ಸ್‌ನಲ್ಲಿ ಎಲ್ಲ ಪ್ರಾಂತಗಳ, ಎಲ್ಲ ಜಾತಿಗಳ ಹುಡುಗರೂ ಒಟ್ಟಿಗೆ ಉಣ್ಣಬೇಕು, ಒಟ್ಟಿಗೆ ನಿಲ್ಲಬೇಕು ಎಂದು ಕಾರ್ಯಪ್ಪನವರು ನಿಶ್ಚಯಿಸಿದರು. 1971ರ ಡಿಸೆಂಬರಿನಲ್ಲಿ ಗಂಗಾಸಾಗರದಲ್ಲಿ ಹೋರಾಡಿ ಮಡಿದು ಪರಮವೀರ ಚಕ್ರ ಪಡೆದ ಲಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಇದೇ ಗಾರ್ಡ್ಸ್‌ನವರು.

ಈ ನಂಟು ಇನ್ನೊಂದು ದಿಕ್ಕಿನಿಂದಲೂ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ. ನಿಮ್ಮ ಮರಾಠಿ ಗೆಳೆಯನ ಅಜ್ಜ ಆ ರೆಜಿಮೆಂಟಿನವರಾಗಿದ್ದರೆ ಬೆಳಗಾವಿಯ ಮಣ್ಣು ಮೈಗೆ ಹತ್ತಿಸಿಕೊಂಡೇ ಸೈನಿಕರಾಗಿರುತ್ತಾರೆ. ಒಮ್ಮೆ ಬೆಳಗಾವಿಯ ಹೆಸರೆತ್ತಿ ನೋಡಿ, ಅವರ ಮುಖ ಹೇಗೆ ಅರಳುತ್ತದೆ ಎಂದು!

ಕಾರ್ಯಪ್ಪನವರು ನಿವೃತ್ತರಾದದ್ದು 1953ರ ಜನವರಿ 14ರಂದು. ಆ ದಿನವನ್ನೇ 2016ರಿಂದ ದೇಶದಾದ್ಯಂತ ಮಾಜಿ ಸೈನಿಕರ ದಿನವೆಂದು ಆಚರಿಸಲಾಗುತ್ತಿದೆ. ಇದು ಅವರಿಗೆ ಒಪ್ಪುವ ಗೌರವ. ಏಕೆಂದರೆ ಅವರು ಸ್ವತಃ ಮಾಜಿಯಾದ ಮೇಲೂ ಮಾಜಿ ಸೈನಿಕರಿಗಾಗಿ ದುಡಿದವರು, ಅವರ ಅಖಿಲ ಭಾರತ ಸಂಘಟನೆಯನ್ನು 1964ರಲ್ಲಿ ಕಟ್ಟಿದವರು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನಕ್ಕೆ ಸೆರೆಸಿಕ್ಕರು. ಅಲ್ಲಿಯ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲಕ್ಕೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನಿಗೆ ವಿಶೇಷ ಸೌಲಭ್ಯ ಕೊಡುವ ಮಾತೂ ಬಂತು. ಸೆರೆಯಲ್ಲಿರುವ ಎಲ್ಲ ಸೈನಿಕರೂ ತನ್ನ ಮಕ್ಕಳೇ, ಅವರಿಗೆಲ್ಲ ಇಲ್ಲದ್ದು ಇವನೊಬ್ಬನಿಗೆ ಬೇಡ ಎಂಬುದು ತಂದೆಯ ಉತ್ತರವಾಗಿತ್ತು. ನಮಗೂ ಇದರಲ್ಲಿ ಪಾಠವಿದೆ. ಎದೆಯ ಮೇಲೆ ದೊಡ್ಡ ಪದಕ ಇರುವವರನ್ನು ಮಾತ್ರ ಹುಡುಕಬಾರದು. ಲಾರಿ ಓಡಿಸಿದವರು, ತಂತಿ ಎಳೆದವರು, ಅಡಿಗೆ ಮಾಡಿದವರು, ಗಾಯಗೊಂಡವರನ್ನು ಹೊತ್ತವರು, ಇವರೆಲ್ಲರೂ ಮಾಜಿ ಸೈನಿಕರೇ.

ಇಂಗ್ಲಿಷಿನ "ವೆಟರನ್" ಎಂಬ ಪದ ಲ್ಯಾಟಿನ್ ಭಾಷೆಯ "ಹಳೆಯ" ಎಂಬ ಅರ್ಥದ ಶಬ್ದದಿಂದ ಬಂದದ್ದು. ನಮ್ಮ "ಮಾಜಿ"ಯೂ ಅರಬ್ಬಿಯಿಂದ ಬಂದ "ಕಳೆದುಹೋದ" ಎಂಬ ಅರ್ಥದ ಮಾತು. ಎರಡೂ ಅವರನ್ನು ಹಿಂದಕ್ಕೆ ತಳ್ಳುತ್ತವೆ. ಮರಾಠಿ ಬಲ್ಲ ನಿಮಗೆ ಹೇಳಬೇಕೆ? "ಮಾಜಿ ಸೈನಿಕ" ಎಂಬಲ್ಲಿ ಸ್ವಲ್ಪ ಉಚ್ಚಾರ ಬದಲಿಸಿದರೆ "ಮಾಝಾ ಸೈನಿಕ", ನನ್ನ ಸೈನಿಕ, ಆಗುತ್ತದೆ!

ಕೇಳುವುದು ಹೇಗೆ?

ಗೌರವ ತೋರುವುದಕ್ಕೂ ಒಂದು ರೀತಿಯಿದೆ. ನಮ್ಮ ಪರಿಚಯದ ಹಿರಿಯರೊಬ್ಬರು ಗದಗಿನ ಕಡೆಯವರು. 1971ರಲ್ಲಿ ಪೂರ್ವದ ಗಡಿಯಲ್ಲಿ ಸೈನ್ಯದ ಲಾರಿ ಓಡಿಸಿದವರು. ಒಮ್ಮೆ ಹಬ್ಬದ ಊಟಕ್ಕೆ ಸೇರಿದ್ದಾಗ ಹುಡುಗನೊಬ್ಬ ಉತ್ಸಾಹದಿಂದ "ಅಜ್ಜಾ, ಎಷ್ಟು ಜನರನ್ನು ಕೊಂದಿರಿ?" ಎಂದು ಕೇಳಿದ. ಅವರು ತಟ್ಟೆಯ ಕಡೆ ನೋಡುತ್ತಾ ಸುಮ್ಮನಾಗಿಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹುಡುಗಿ "ಅಜ್ಜಾ, ಅಲ್ಲಿ ಊಟಕ್ಕೆ ಏನು ಸಿಗ್ತಿತ್ತು?" ಎಂದಳು. "ಬಿಸಿ ದಾಲ್ ಸಿಕ್ಕರ ಹಬ್ಬ ಆಗತಿತ್ತು ನೋಡವ್ವಾ. ಮೂರು ದಿನಾ ಬರೇ ಒಣ ಪೂರಿ ತಿಂದು ಗಾಡಿ ಹೊಡದೀವಿ, ದೀಪಾ ಹಚ್ಚಂಗಿಲ್ಲ, ಕತ್ತಲಾಗ" ಎಂದು ಶುರುಮಾಡಿದವರು ಒಂದು ಗಂಟೆ ಮಾತಾಡಿದರು. ದಾರಿಯಲ್ಲಿ ಕಂಡ ನಿರಾಶ್ರಿತರ ಸಾಲು, ತನ್ನ ಬಿಸ್ಕತ್ತು ಕೊಟ್ಟ ಒಂದು ಮಗು, ಮರಳಿ ಬಾರದ ಜೊತೆಗಾರ, ಎಲ್ಲವೂ ಬಂತು. ಅವರ ಸೊಸೆ "ಇದನ್ನೆಲ್ಲ ನಾವೂ ಇವತ್ತೇ ಕೇಳಿದ್ದು" ಎಂದಳು.

ಆದ್ದರಿಂದ ಸಾವಿನ ಲೆಕ್ಕ ಕೇಳಬೇಡಿ. ಊಟ, ಚಳಿ, ಊರಿಂದ ಬಂದ ಕಾಗದ, ಗೆಳೆಯರ ಹೆಸರು, ಇವುಗಳಿಂದ ಆರಂಭಿಸಿ. ಅವರು ಹೇಳಬೇಕೆನಿಸಿದ್ದನ್ನು ಹೇಳುತ್ತಾರೆ. ಹೇಳದಿದ್ದರೆ ಆ ಮೌನಕ್ಕೂ ಮರ್ಯಾದೆ ಕೊಡಬೇಕು.

ಸೈನಿಕರನ್ನು ಗೌರವಿಸುವುದೆಂದರೆ ಯುದ್ಧವನ್ನು ಹೊಗಳುವುದೆಂದು ಕೆಲವರು ಹಿಂಜರಿಯುತ್ತಾರೆ. ಯುದ್ಧ ಕಂಡವರು ಅದನ್ನು ಹೊಗಳುವುದು ಕಡಿಮೆ. ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯನವರು 1948ರ ನವೆಂಬರಿನಲ್ಲಿ ಝೋಜಿ ಲಾ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿ ಗೆದ್ದವರು ನಿಜ. ಆದರೆ ಜಗತ್ತು ಅವರನ್ನು ಹೆಚ್ಚಾಗಿ ಅರಿತದ್ದು 1953ರಲ್ಲಿ, ಕೊರಿಯಾ ಯುದ್ಧದ ನಂತರ. ಊರಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಸೆರೆಯಾಳುಗಳ ಭವಿಷ್ಯ ತೀರ್ಮಾನಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಮಡಿಕೇರಿಯ ಅವರ ಮನೆ "ಸನ್ನಿ ಸೈಡ್" 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಮುಂದಿನ ರಜೆಯಲ್ಲಿ ಕೊಡಗಿಗೆ ಹೋದರೆ ಜಲಪಾತಗಳ ಜೊತೆಗೆ ಅದನ್ನೂ ನೋಡಿ ಬನ್ನಿ.

ಆ ಮನೆಯ ಹೆಣ್ಣುಮಕ್ಕಳು

ಇನ್ನೊಂದು ಮಾತನ್ನು ಹೆಂಗಸಾಗಿ ನಾನು ಹೇಳಲೇಬೇಕು. ಸೈನಿಕನ ವಿಧವೆಯನ್ನು "ವೀರನಾರಿ" ಎಂದು ಕರೆದು ವೇದಿಕೆಯ ಮೇಲೆ ಶಾಲು ಹೊದಿಸುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮ ಓಣಿ ಓಣಿಗಳಲ್ಲಿ ನಡೆಯುವ ಅರಿಶಿನ-ಕುಂಕುಮಕ್ಕೆ ಮಾತ್ರ ಅವಳನ್ನು ಕರೆಯುವುದಿಲ್ಲ! ದೇಶಕ್ಕಾಗಿ ಗಂಡನನ್ನು ಕಳೆದುಕೊಂಡವಳ ಹಣೆಗೆ ಕುಂಕುಮವಿಡಲು ನಮ್ಮ ಕೈ ಹಿಂಜರಿದರೆ, ಆ ಶಾಲಿನ ಬೆಲೆ ಎಷ್ಟು? ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿ 2022ರ ಮೇ ತಿಂಗಳಲ್ಲಿ ವಿಧವೆಯರ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ನಿಲ್ಲಿಸಲು ಗ್ರಾಮ ಪಂಚಾಯತಿಯಲ್ಲಿ ಠರಾವು ಮಾಡಿತು. ಉಳಿದ ಊರುಗಳೂ ಹಾಗೆ ಮಾಡಲಿ ಎಂದು ರಾಜ್ಯ ಸರ್ಕಾರವೇ ಸೂಚಿಸಿತು. ಹಳ್ಳಿಯವರಿಗೆ ಸಾಧ್ಯವಾದದ್ದು ನಾಗಪುರದ ಕನ್ನಡಿಗರಾದ ನಮಗೆ ಆಗದೆ? ಹುಡುಗಿಯರೇ, ನಿಮ್ಮ ಅಮ್ಮಂದಿರು ಕರೆಯುವವರ ಪಟ್ಟಿ ಬರೆಯುವಾಗ ಪಕ್ಕದಲ್ಲಿ ಕುಳಿತು ಆ ಹೆಸರನ್ನು ನೀವೇ ಸೇರಿಸಿ.

ಈ ಸಂಕ್ರಾಂತಿಗೆ

ಮಾಜಿ ಸೈನಿಕರ ದಿನ ಜನವರಿ 14; ಅದು ನಮ್ಮ ಸಂಕ್ರಾಂತಿ ಬರುವ ದಿನ. ಕೆಲವು ವರ್ಷ ಸಂಕ್ರಾಂತಿ 15ಕ್ಕೆ ಹೋಗುತ್ತದೆ. ಅದು ಸೇನಾ ದಿನ! ಇದಕ್ಕಿಂತ ಒಳ್ಳೆಯ ಯೋಗ ಇನ್ನೇನು ಬೇಕು? ಕಿರಾಣಾ ಓಳಿಯಿಂದ ಎಳ್ಳು, ಬೆಲ್ಲ, ಕಡಲೆ ತಂದು, ಕೊಬ್ಬರಿ ಹೆಚ್ಚಿ ಹೇಗೂ ಎಳ್ಳು-ಬೆಲ್ಲ ಮಾಡುತ್ತೇವೆ. ಮರಾಠಿ ನೆರೆಯವರು ತಿಳಗೂಳ ಕೊಡುತ್ತಾರೆ. ಗಾಳಿಪಟ ಹಾರಿಸಲು ಮಾಳಿಗೆ ಹತ್ತುವ ಮೊದಲು ಒಂದು ಬಟ್ಟಲು ಎಳ್ಳು-ಬೆಲ್ಲವನ್ನು ನಿಮಗೆ ಗೊತ್ತಿರುವ ಮಾಜಿ ಸೈನಿಕರ ಮನೆಗೆ ಒಯ್ಯಿರಿ. ಅವರು ಕನ್ನಡಿಗರೇ ಆಗಿರಬೇಕೆಂದಿಲ್ಲ. ಕಾಲಿಗೆ ನಮಸ್ಕಾರ ಮಾಡಿ, ಹತ್ತು ನಿಮಿಷ ಕುಳಿತುಕೊಳ್ಳಿ.

ಒಪ್ಪಿದರೆ ಅವರ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಹೆಸರು, ಹುಟ್ಟೂರು, ರೆಜಿಮೆಂಟು, ಸೇರಿದ ಮತ್ತು ನಿವೃತ್ತರಾದ ವರ್ಷ, ಇದ್ದ ಸ್ಥಳಗಳು, ಪದಕಗಳು, ಇಷ್ಟನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿ. ಹಳೆಯ ಫೋಟೋ ಇದ್ದರೆ ಅದರ ಪ್ರತಿ ತೆಗೆದು, ಹಿಂದೆ ಯಾರು ಯಾರು ಎಂದು ಅವರಿಂದಲೇ ಬರೆಸಿ. ಅವರು ಬೇಡವೆಂದದ್ದನ್ನು ಎಲ್ಲಿಯೂ ಪ್ರಕಟಿಸಬೇಡಿ. ನಮ್ಮ ಸಂಘದ ಸಂಚಿಕೆಯಲ್ಲಿ ವರ್ಷಕ್ಕೆ ಇಬ್ಬರ ಅನುಭವ ಬಂದರೂ ಹತ್ತು ವರ್ಷಕ್ಕೆ ಇಪ್ಪತ್ತು ವೀರಗಲ್ಲು ನೆಟ್ಟಂತಾಯಿತು.

ಇನ್ನು ಬರೀ ಮಾತಲ್ಲದ ಸಹಾಯ. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಪ್ರಮಾಣ ಕೊಡಬೇಕು. ರಕ್ಷಣಾ ಪಿಂಚಣಿಯ ವ್ಯವಹಾರ ಈಗ ಹೆಚ್ಚಾಗಿ "ಸ್ಪರ್ಶ್" ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ನಡೆಯುತ್ತದೆ. "ಜೀವನ್ ಪ್ರಮಾಣ್" ಮೂಲಕ ಆ ಪ್ರಮಾಣಪತ್ರವನ್ನು ಮನೆಯಿಂದಲೇ ಕೊಡಬಹುದು. ನಿಮಗೆ ಇದು ಐದು ನಿಮಿಷದ ಕೆಲಸ. ಬೆರಳಿನ ಗುರುತು ಸವೆದ, ಕಣ್ಣು ಮಂಜಾದ ಎಂಬತ್ತರ ಮುದುಕರಿಗೆ ಅದು ಎರಡು ದಿನದ ಚಿಂತೆ. ಅವರ ಪಕ್ಕದಲ್ಲಿ ಕುಳಿತು ಮಾಡಿಕೊಡಿ. ಗುಪ್ತ ಸಂಖ್ಯೆಗಳನ್ನು ಅವರೇ ಒತ್ತಲಿ. 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸಾಲಯಕ್ಕೆ ಹೋಗಲು ಜೊತೆ ಬೇಕಾದವರಿಗೆ ಒಂದು ದಿನ ಜೊತೆಯಾಗಿ. ತೊಡಕೇನಾದರೂ ಇದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಿದೆ. ಅಲ್ಲಿಗೆ ಅರ್ಜಿ ಬರೆದುಕೊಡುವುದು ಓದಿದ ಹುಡುಗರಿಗೆ ದೊಡ್ಡ ಮಾತೇನಲ್ಲ. 1949ರಿಂದ ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಆಚರಿಸಲಾಗುತ್ತದೆ. ಅಂದು ಸೇರುವ ಹಣ ಸೈನಿಕರ, ಮಾಜಿ ಸೈನಿಕರ ಮತ್ತು ಅವರ ಕುಟುಂಬಗಳ ಕಲ್ಯಾಣಕ್ಕೆ ಹೋಗುತ್ತದೆ. ಒಂದು ದಿನದ ಪೋಹೆ-ತರ್ರಿಯ ಹಣವನ್ನು ಅದಕ್ಕೆ ಕೊಟ್ಟರೆ ಯಾರೂ ಬಡವಾಗುವುದಿಲ್ಲ.

ದೊಡ್ಡ ಸಮಾರಂಭ, ದೊಡ್ಡ ಭಾಷಣ ಯಾವುದೂ ಬೇಡ. ಸಂಕ್ರಾಂತಿಗೆ ಇನ್ನೂ ದಿನಗಳಿವೆ. ಅಷ್ಟರೊಳಗೆ ನಿಮ್ಮ ಓಣಿಯಲ್ಲಿ, ನಿಮ್ಮ ಕಟ್ಟಡದಲ್ಲಿ ಅಂಥವರು ಯಾರಿದ್ದಾರೆ ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ಹೆಸರನ್ನಾದರೂ ಗೊತ್ತುಮಾಡಿಕೊಳ್ಳಿ. ಬಟ್ಟಲಿಗೆ ಎಳ್ಳು-ಬೆಲ್ಲ ತುಂಬಿಕೊಡಲು ನಿಮ್ಮ ಅಮ್ಮಂದಿರು ಇದ್ದಾರೆ, ನಾವಿದ್ದೇವೆ.